ಎದೆಯ ಮೇಲಿನ ವಿಮಾನ

ಹೊಸ ಬಟ್ಟೆಯನ್ನು ಹಳೆಯದು ಮಾಡಿ ಹೆಚ್ಚು ಬೆಲೆಗೆ ಮಾರುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ನಮ್ಮ ಮನೆಗಳಲ್ಲಿ ಬಟ್ಟೆ ತಾನಾಗಿಯೇ ಹಳತಾಗುತ್ತಿತ್ತು. ಅದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಅಣ್ಣ ತೊಟ್ಟದ್ದು ತಮ್ಮನಿಗೆ, ತಮ್ಮನಿಗೂ ಬಿಗಿಯಾದದ್ದು ನೆಲ ಒರೆಸುವುದಕ್ಕೆ, ಅಮ್ಮಿಯ ಹಳೆಯ ಸೀರೆಗಳು ಕೌದಿಗೆ, ಅದಕ್ಕೂ ಬಾರದವು ಸ್ಟೀಲು ಪಾತ್ರೆ ಮಾರುವವಳ ಗಂಟಿಗೆ. ಕೌದಿಯ ಒಂದೊಂದು ತುಂಡನ್ನೂ ಮುಟ್ಟಿ, ಇದು ಯಾರದು, ಯಾವ ಈದಿಗೆ ಹೊಲಿಸಿದ್ದು ಎಂದು ಮನೆಯ ಹೆಂಗಸರು ಹೇಳಬಲ್ಲವರಾಗಿದ್ದರು.

ಈಗ ಆ ಹಳೆತನ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಬನಿಯನ್ ಬಟ್ಟೆಯನ್ನು ಕಿಣ್ವ ಬೆರೆಸಿದ ನೀರಿನಲ್ಲಿ ತೊಳೆದು, ಹತ್ತು ವರ್ಷ ಒಗೆದಷ್ಟು ಮೆತ್ತಗೆ ಮಾಡುತ್ತಾರೆ. ಬಣ್ಣವನ್ನು ಬೇಕೆಂದೇ ಮಾಸಲು ಹಾಕುತ್ತಾರೆ. ಕಾಲರು, ತೋಳಿನ ಅಂಚುಗಳನ್ನು ಉಜ್ಜಿ ನೂಲು ಎದ್ದು ಕಾಣುವಂತೆ ಮಾಡುತ್ತಾರೆ. ಎದೆಯ ಮೇಲಿನ ಅಚ್ಚಿಗೆ, ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಡುವ ಶಾಯಿಯನ್ನೇ ಬಳಸುತ್ತಾರೆ. ಇದಕ್ಕೆ ವಿಂಟೇಜ್ ಎಂದು ಹೆಸರು. ಇಂಥ ಟೀ ಶರ್ಟುಗಳಲ್ಲಿ ಯುದ್ಧವಿಮಾನಗಳದ್ದೇ ಒಂದು ದೊಡ್ಡ ಬಳಗವಿದೆ: ಎರಡನೆಯ ಮಹಾಯುದ್ಧದ ಬಾಂಬರುಗಳು, ಮೂತಿಗೆ ಶಾರ್ಕ್ ಮೀನಿನ ಹಲ್ಲು ಬರೆದ ಫೈಟರುಗಳು, ಬ್ರಿಟಿಷ್ ವಾಯುಪಡೆಯ ನೀಲಿ, ಬಿಳಿ, ಕೆಂಪಿನ ವೃತ್ತ. ಕೆಳಗೊಂದು ಇಸವಿ, ಒಂದು ಸ್ಕ್ವಾಡ್ರನ್ನಿನ ಹೆಸರು. ವೈಮಾನಿಕ ಇತಿಹಾಸಕ್ಕೆ ಗೌರವ ಸಲ್ಲಿಸುವ ಉಡುಪು ಎಂದು ಮಾರುವವರು ಹೇಳಿಕೊಳ್ಳುತ್ತಾರೆ.

ಗೌರವ ಎನ್ನುವ ಆ ಮಾತೇ ನನ್ನನ್ನು ಈ ಬರಹಕ್ಕೆ ಹಚ್ಚಿದ್ದು. ಬರೀ ಅಲಂಕಾರ ಎಂದಿದ್ದರೆ ಸುಮ್ಮನಿರಬಹುದಿತ್ತು. ಹೂವು, ಹುಲಿ, ಸಿನಿಮಾ ನಟ, ಏನನ್ನಾದರೂ ಹಾಕಿಕೊಳ್ಳಲಿ, ನಮಗೇನು? ಆದರೆ ಗೌರವ ಎಂದ ಮೇಲೆ ಯಾರಿಗೆ, ಯಾತಕ್ಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ವಿಮಾನಕ್ಕೋ, ಅದರೊಳಗೆ ಕೂತ ಹುಡುಗನಿಗೋ, ಅವನು ಮಾಡಿದ ಕೆಲಸಕ್ಕೋ? ಬಟ್ಟೆ ಈ ಮೂರನ್ನೂ ಒಂದೇ ಚಿತ್ರದಲ್ಲಿ ಕಲಸಿಬಿಡುತ್ತದೆ.

ಒಂದು ಸ್ವಾರಸ್ಯದ ಸಂಗತಿ. ಟೀ ಶರ್ಟಿಗೂ ಯುದ್ಧವಿಮಾನಕ್ಕೂ ನಂಟು ಇಂದು ನಿನ್ನೆಯದಲ್ಲ. 20ನೇ ಶತಮಾನದ ಆರಂಭದಲ್ಲಿ ಇದು ಅಮೆರಿಕದ ನಾವಿಕರು ಸಮವಸ್ತ್ರದ ಒಳಗೆ ತೊಡುವ ಅಂಗಿಯಾಗಿತ್ತು. ಸಭ್ಯರು ಹೊರಗೆ ತೋರಿಸುವ ಬಟ್ಟೆಯೇ ಆಗಿರಲಿಲ್ಲ. 1942ರ ಜುಲೈ 13ರ ಲೈಫ್ ಪತ್ರಿಕೆಯ ಮುಖಪುಟದಲ್ಲಿ ಒಬ್ಬ ತರುಣ ಸೈನಿಕ ಬರಹವಿರುವ ಟೀ ಶರ್ಟ್ ತೊಟ್ಟು ನಿಂತಿದ್ದಾನೆ. ಎದೆಯ ಮೇಲೆ ಅಚ್ಚಾಗಿರುವುದು ಲಾಸ್ ವೇಗಸ್ಸಿನ ವಾಯುಪಡೆಯ ಗನ್ನರುಗಳ ತರಬೇತಿ ಶಾಲೆಯ ಹೆಸರು. ಅಕ್ಷರ ಹೊತ್ತ ಟೀ ಶರ್ಟು ಜಗತ್ತಿನ ಕಣ್ಣಿಗೆ ಬಿದ್ದ ಮೊದಲ ಸಂದರ್ಭಗಳಲ್ಲಿ ಅದೂ ಒಂದು. ಇಂದು ಕಾಲೇಜು ಹುಡುಗರು ಎದೆಯ ಮೇಲೆ ಹೊತ್ತು ತಿರುಗುವ ಎಲ್ಲ ಘೋಷಣೆ, ಎಲ್ಲ ಚಿತ್ರಗಳ ಅಜ್ಜ ಹೀಗೆ ವಿಮಾನದಿಂದ ಮೆಷಿನ್ ಗನ್ ಹಾರಿಸಲು ಕಲಿಸುವ ಶಾಲೆಯಿಂದ ಬಂದವನು.

ಆ ಗನ್ನರನನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಇಂಗ್ಲೆಂಡಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಮಂದಿ, ಸತ್ತವರು 55,573. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬ. ಅಮೆರಿಕದ ಎಂಟನೇ ವಾಯುಸೇನೆ ಒಂದೇ 26,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. ಮೈ ಹೆಪ್ಪುಗಟ್ಟುವ ಚಳಿಯಲ್ಲಿ, ಆಮ್ಲಜನಕದ ನಳಿಕೆ ಕಚ್ಚಿಕೊಂಡು, ತಗಡಿನ ಗೂಡಿನೊಳಗೆ ಕೂತು ಹೋಗಿ ಬರುತ್ತಿದ್ದವರು. ಒಂದು ಸಲ ಹೋಗಿ ಬದುಕಿ ಬಂದರೆ ತಮ್ಮ ಚರ್ಮದ ಜಾಕೆಟ್ಟಿನ ಬೆನ್ನಿಗೆ ಒಂದು ಪುಟ್ಟ ಬಾಂಬಿನ ಚಿತ್ರ ಬರೆಸಿಕೊಳ್ಳುತ್ತಿದ್ದರು. ಇಪ್ಪತ್ತೈದು ಬಾಂಬುಗಳಾದರೆ ಮನೆಗೆ ಹೋಗಬಹುದೆಂಬ ಲೆಕ್ಕ ಆಗ ಇತ್ತು. ಆ ಚಿತ್ರಗಳು ಅವರಿಗೆ ಪ್ರಾಣ ಉಳಿದ ದಿನಗಳ ಎಣಿಕೆ. ವಿಮಾನದ ಮೂತಿಗೆ ಪ್ರೇಯಸಿಯ ಹೆಸರೋ, ಊರಿನ ಹೆಸರೋ ಬರೆಸುತ್ತಿದ್ದದ್ದೂ ಅದೇ ಭಯದಿಂದ. ಅಂಥ ಭಯದ ಎದುರು ನಾವು ತಲೆ ಬಾಗಿಸಬೇಕು. ಇಂದಿನ ವಿಂಟೇಜ್ ಟೀ ಶರ್ಟು ಆ ಜಾಕೆಟ್ಟಿನ ಮೊಮ್ಮಗ. ಆದರೆ ಜಾಕೆಟ್ಟಿನ ಒಂದೊಂದು ಬಿರುಕಿಗೂ ಒಂದೊಂದು ರಾತ್ರಿಯ ಬೆಲೆ ಇತ್ತು. ಇದರ ಬಿರುಕು ಶಾಯಿಯ ಡಬ್ಬಿಯಲ್ಲೇ ಬಂದದ್ದು.

ಇಲ್ಲಿಗೇ ನಿಲ್ಲಿಸಿದರೆ ಬರಹ ಸುಲಭ. ಅನುಭವಿಸದ ನೆನಪನ್ನು ಕೊಂಡುಕೊಳ್ಳುವವರ ಬಗ್ಗೆ ನಾಲ್ಕು ಕುಹಕದ ಮಾತಾಡಿ ಮುಗಿಸಬಹುದು. ಆದರೆ ವಿಮಾನಕ್ಕೆ ಕೆಳಭಾಗವೂ ಒಂದಿದೆ.

ಟಿನಿಯನ್ ದ್ವೀಪದಲ್ಲಿ 1945ರ ಆಗಸ್ಟ್ 5ರಂದು ಒಂದು ಬಿ-29 ವಿಮಾನದ ಮೂತಿಯ ಮೇಲೆ ಒಬ್ಬ ತಾಯಿಯ ಹೆಸರನ್ನು ಬರೆಸಲಾಯಿತು: ಎನೋಲಾ ಗೇ. ಬರೆಸಿದವನು ಪೈಲಟ್ ಪಾಲ್ ಟಿಬೆಟ್ಸ್. ಮಾರನೆಯ ಬೆಳಿಗ್ಗೆ 8.15ರ ಹೊತ್ತಿಗೆ, ಸುಮಾರು 9,400 ಮೀಟರ್ ಎತ್ತರದಿಂದ, ಆ ತಾಯಿಯ ಹೆಸರಿನ ವಿಮಾನ ಹಿರೋಶಿಮಾದ ಮೇಲೆ ಬಾಂಬು ಹಾಕಿತು. ಬಾಂಬಿಗೂ ಒಂದು ಹೆಸರಿತ್ತು, ಪುಟ್ಟ ಹುಡುಗ ಎಂದು. ವಿಮಾನದ ಬಾಲದಲ್ಲಿ ಕೂತು ಹೊಗೆಯ ಅಣಬೆಯ ಫೋಟೋ ತೆಗೆದ ಗನ್ನರ್ ಜಾರ್ಜ್ ಕ್ಯಾರನ್ ಅಂದು ತಲೆಗೆ ಬ್ರೂಕ್ಲಿನ್ನಿನ ಬೇಸ್‌ಬಾಲ್ ತಂಡದ ಟೋಪಿ ಹಾಕಿಕೊಂಡಿದ್ದ. ಆಟದ ಟೋಪಿ ಹಾಕಿಕೊಂಡು ಬಾಂಬರಿನಲ್ಲಿ ಹೋದವನು ಅವನು. ಬಾಂಬರಿನ ಚಿತ್ರ ಹಾಕಿಕೊಂಡು ಆಟದ ಮೈದಾನಕ್ಕೆ ಹೋಗುವವರು ನಮ್ಮ ಹುಡುಗರು.

ಕೆಳಗೆ ಏನಾಯಿತೆಂಬುದನ್ನು ಎಲ್ಲರೂ ಬಲ್ಲರು. ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಜನ ಸತ್ತರು ಎಂಬುದು ಆ ನಗರಾಡಳಿತದ ಅಂದಾಜು. ನಾನು ಹೇಳಬೇಕೆಂದಿರುವುದು ಬಟ್ಟೆಯ ಬಗ್ಗೆ. ಆ ಕ್ಷಣದ ಬೆಳಕು ಎಷ್ಟು ತೀಕ್ಷ್ಣವಾಗಿತ್ತೆಂದರೆ ಜನರು ಉಟ್ಟ ಬಟ್ಟೆಯ ವಿನ್ಯಾಸ ಅವರ ಚರ್ಮಕ್ಕೇ ಇಳಿಯಿತು. ಗಾಢ ಬಣ್ಣ ಶಾಖವನ್ನು ಹೀರಿಕೊಳ್ಳುತ್ತದೆ, ತಿಳಿ ಬಣ್ಣ ಹಿಂದಕ್ಕೆ ಎಸೆಯುತ್ತದೆ. ಬೇಸಿಗೆಯಲ್ಲಿ ಬಿಳಿ ಉಡುವ ನಮಗೆ ಈ ವಿಜ್ಞಾನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಕಿಮೋನೋದ ಕಪ್ಪು ಗೆರೆಗಳಿದ್ದಲ್ಲಿ ಚರ್ಮ ಸುಟ್ಟು, ಬಿಳಿ ಇದ್ದಲ್ಲಿ ಕಡಿಮೆ ಸುಟ್ಟು, ಹೆಂಗಸೊಬ್ಬಳ ಬೆನ್ನಿನ ಮೇಲೆ ಅವಳ ಬಟ್ಟೆಯ ನಕ್ಷೆಯೇ ಮೂಡಿದ ಫೋಟೋ ಇದೆ. ಅದನ್ನು ಒಮ್ಮೆ ನೋಡಿದವರು ಮರೆಯಲಾರರು. ಬಟ್ಟೆಯ ಮೇಲೆ ವಿಮಾನವನ್ನು ಅಚ್ಚು ಹಾಕುವುದು ನಮಗೆ ಗೊತ್ತು. ವಿಮಾನ ಬಂದು ಹೋದ ಮೇಲೆ ಬಟ್ಟೆಯೇ ಮೈಯ ಮೇಲೆ ಅಚ್ಚಾಗುವುದೂ ವೈಮಾನಿಕ ಇತಿಹಾಸವೇ.

ವಿಮಾನದ ಚಿತ್ರ ಹೊತ್ತ ಹುಡುಗನನ್ನು ಕೇಳಿ ನೋಡಿ. ಅವನು ದಡ್ಡನಲ್ಲ. ರೆಕ್ಕೆಯ ಉದ್ದ, ಎಂಜಿನ್ನಿನ ಅಶ್ವಶಕ್ತಿ, ಎಷ್ಟು ಗನ್ನು, ಎಷ್ಟು ದೂರ ಹಾರಬಲ್ಲದು, ಎಲ್ಲವನ್ನೂ ಪಟಪಟನೆ ಹೇಳುತ್ತಾನೆ. ಬಾಂಬು ಬೀಳುವ ಬಾಗಿಲಿನವರೆಗೆ ಅವನಿಗೆ ಎಲ್ಲವೂ ಗೊತ್ತಿದೆ. ಅಲ್ಲಿಂದ ಕೆಳಗೆ ಗೊತ್ತಿಲ್ಲ. ಇದು ಅವನೊಬ್ಬನ ಅಜ್ಞಾನವೂ ಅಲ್ಲ. ದೊಡ್ಡ ದೊಡ್ಡ ಸಂಸ್ಥೆಗಳು ಆ ಬಾಗಿಲಿನಲ್ಲೇ ನಿಂತುಬಿಟ್ಟಿವೆ. ಬಾಂಬಿಗೆ ಐವತ್ತು ವರ್ಷ ತುಂಬಿದಾಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಎನೋಲಾ ಗೇ ವಿಮಾನದ ಜೊತೆಗೆ ಹಿರೋಶಿಮಾದಿಂದ ತಂದ ವಸ್ತುಗಳನ್ನೂ ಇಡಲು ಯೋಚಿಸಿತ್ತು. ಅವುಗಳಲ್ಲಿ ಶಾಲೆಯ ಮಗುವೊಂದರ ಸುಟ್ಟ ಊಟದ ಡಬ್ಬಿಯೂ ಇತ್ತು. ಮಾಜಿ ಸೈನಿಕರ ಸಂಘಗಳು, ಸಂಸದರು ಸಿಡಿದೆದ್ದರು. 1995ರ ಜನವರಿಯಲ್ಲಿ ಆ ಪ್ರದರ್ಶನವನ್ನೇ ಕೈಬಿಡಲಾಯಿತು, ಮೇ ತಿಂಗಳಲ್ಲಿ ಸಂಗ್ರಹಾಲಯದ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ವಿಮಾನವನ್ನು ಮಾತ್ರ ತೋರಿಸಿದರು. ನಲವತ್ತು ಲಕ್ಷದಷ್ಟು ಜನ ಬಂದು ನೋಡಿದರು. ಇಷ್ಟು ದೊಡ್ಡ ಬಾಂಬರಿಗೆ ಒಂದು ಟಿಫಿನ್ ಡಬ್ಬಿಯ ಮುಂದೆ ನಿಲ್ಲಲು ಭಯವಾಯಿತಲ್ಲ! 2025ರ ಮಾರ್ಚ್‌ನಲ್ಲಿ ಇದೇ ವಿಮಾನದ ಫೋಟೋಗಳು ಅಮೆರಿಕದ ರಕ್ಷಣಾ ಇಲಾಖೆಯ ಅಳಿಸಬೇಕಾದ ಚಿತ್ರಗಳ ಪಟ್ಟಿಗೆ ಸೇರಿದ ಸುದ್ದಿ ಬಂತು. ಕಾರಣ ಹಿರೋಶಿಮಾ ಅಲ್ಲ. ಸಲಿಂಗಿಗಳನ್ನು ಸೂಚಿಸುವ ಪದ ಆ ತಾಯಿಯ ಹೆಸರಿನಲ್ಲಿ ಇದ್ದದ್ದೇ ಕಾರಣವಾಗಿತ್ತೆಂದು ಪತ್ರಿಕೆಗಳು ಬರೆದವು.

ಟಿಬೆಟ್ಸ್ ತಾನು ಮಾಡಿದ್ದಕ್ಕೆ ಎಂದೂ ಪಶ್ಚಾತ್ತಾಪ ಪಡಲಿಲ್ಲ. 1976ರಲ್ಲಿ ಟೆಕ್ಸಾಸಿನ ವೈಮಾನಿಕ ಪ್ರದರ್ಶನವೊಂದರಲ್ಲಿ ಕೃತಕ ಅಣಬೆ ಹೊಗೆಯೊಂದಿಗೆ ಆ ಹಾರಾಟವನ್ನು ನಟಿಸಿಯೂ ತೋರಿಸಿದ. ಅದಕ್ಕೆ ಅಮೆರಿಕ ಸರ್ಕಾರ ಜಪಾನಿನ ಕ್ಷಮೆ ಕೇಳಬೇಕಾಯಿತು. ಅದೇ ಟಿಬೆಟ್ಸ್ 2007ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಯ ಸಭೆಯಾಗಲಿ, ಸಮಾಧಿಯ ಕಲ್ಲಾಗಲಿ ಬೇಡವೆಂದು ಹೇಳಿಟ್ಟಿದ್ದ. ಕಲ್ಲು ನಿಲ್ಲಿಸಿದರೆ ಪ್ರತಿಭಟನೆ ಮಾಡುವವರು ಅಲ್ಲಿ ಬಂದು ಸೇರುತ್ತಾರೆಂಬ ಅಂಜಿಕೆ. ಬೂದಿಯನ್ನು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಚೆಲ್ಲಲಾಯಿತು. ತನ್ನ ಹೆಸರಿನ ಒಂದು ಕಲ್ಲೂ ಇರಬಾರದೆಂದ ಮನುಷ್ಯನ ವಿಮಾನಕ್ಕೆ ನಾವು ಎದೆಯ ಮೇಲೆ ಜಾಗ ಕೊಡುತ್ತಿದ್ದೇವೆ.

ಅಂದು ಮುಂದಾಗಿ ಹೋಗಿ, ಹಿರೋಶಿಮಾದ ಮೇಲೆ ಹವಾಮಾನ ಚೆನ್ನಾಗಿದೆ ಎಂದು ತಿಳಿಸಿದ ಇನ್ನೊಂದು ವಿಮಾನವಿತ್ತು. ಅದರ ಮೂತಿಯ ಮೇಲೆ, ಜಪಾನಿನ ಸೈನಿಕನೊಬ್ಬನನ್ನು ಕಕ್ಕಸಿನ ಗುಂಡಿಗೆ ನೀರು ಬಿಟ್ಟು ಕೊಚ್ಚಿಹಾಕುವ ಚಿತ್ರ. ಅದನ್ನು ನಡೆಸಿದ ಕ್ಲಾಡ್ ಈದರ್ಲಿಯ ಮನಸ್ಸು ಯುದ್ಧದ ನಂತರ ಕದಡಿತು. ಸಣ್ಣಪುಟ್ಟ ಕಳ್ಳತನ, ಸುಳ್ಳು ಚೆಕ್ಕು, ಮಾನಸಿಕ ಚಿಕಿತ್ಸೆಯ ಆಸ್ಪತ್ರೆ. ವಿಯೆನ್ನಾದಲ್ಲಿದ್ದ ತತ್ವಜ್ಞಾನಿ ಗುಂಟರ್ ಆಂಡರ್ಸ್ ಅವನಿಗೆ ಪತ್ರ ಬರೆಯತೊಡಗಿದ. ಅವರಿಬ್ಬರ ಪತ್ರಗಳು 1960ರ ದಶಕದ ಆರಂಭದಲ್ಲಿ ಪುಸ್ತಕವಾಗಿ ಬಂದವು. ಈದರ್ಲಿಯ ಪಶ್ಚಾತ್ತಾಪ ನಿಜವೇ, ನಾಟಕವೇ ಎಂದು ಅನುಮಾನಿಸಿ ಬರೆದವರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ. ಆಂಡರ್ಸ್ ಎತ್ತಿದ ವಿಚಾರ ಮಾತ್ರ ನಮಗೆ ಬೇಕಾದದ್ದು. ಯಂತ್ರಗಳ ಮೂಲಕ ನಾವು ಮಾಡಬಲ್ಲ ಕೇಡು ಎಷ್ಟು ದೊಡ್ಡದಾಗಿದೆ ಎಂದರೆ ಅದನ್ನು ಕಲ್ಪಿಸಿಕೊಳ್ಳುವ ಶಕ್ತಿಯೇ ನಮ್ಮ ಮನಸ್ಸಿಗೆ ಉಳಿದಿಲ್ಲ ಎಂಬುದು ಅವನ ಚಿಂತೆ. ಕತ್ತಿ ಬೀಸಿದವನಿಗೆ ಎದುರಾಳಿಯ ಮುಖ ಕಾಣುತ್ತದೆ. ಒಂಬತ್ತು ಸಾವಿರ ಮೀಟರ್ ಮೇಲಿದ್ದವನಿಗೆ ನದಿ, ಸೇತುವೆ, ಮೋಡ ಕಾಣುತ್ತವೆ. ಅಂಗಡಿಯಲ್ಲಿ ಟೀ ಶರ್ಟ್ ಕೊಳ್ಳುವವನಿಗೆ ಅದೂ ಕಾಣುವುದಿಲ್ಲ, ಬರೀ ವಿಮಾನ ಕಾಣುತ್ತದೆ.

ಇದೆಲ್ಲ ಅಮೆರಿಕ, ಜಪಾನಿನ ಮಾತಾಯಿತು, ನಮಗೇನು ಎನ್ನುವವರಿಗೆ ಆ ನೀಲಿ, ಬಿಳಿ, ಕೆಂಪಿನ ವೃತ್ತವನ್ನು ತೋರಿಸಬೇಕು. ವಿಮಾನದಿಂದ ಬಾಂಬು ಹಾಕುವ ವಿದ್ಯೆ ಮೊದಲು ಪ್ರಯೋಗವಾದದ್ದು 1911ರ ನವೆಂಬರ್ 1ರಂದು, ಲಿಬಿಯಾದ ಟ್ರಿಪೋಲಿಯ ಬಳಿ. ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ ಟ್ರಿಪೋಲಿಯ ಯುದ್ಧ ಎಂದರೆ ಗಾಯಾಳುಗಳಿಗೆ ನೀರು ಕೊಡುತ್ತಾ ಸತ್ತ ಬಾಲಕಿ ಫಾತಿಮಾ ಬಿಂತ್ ಅಬ್ದುಲ್ಲಾ, ಅವಳ ಮೇಲೆ ಇಕ್ಬಾಲರು ಬರೆದ ಕವಿತೆ. ಅದೇ ಯುದ್ಧದ ಆಕಾಶದಲ್ಲಿ ಇಟಲಿಯ ಜೂಲಿಯೋ ಗವೋಟ್ಟಿ ಎಂಬ ಲೆಫ್ಟಿನೆಂಟ್, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ನಾಲ್ಕು ಬಾಂಬುಗಳನ್ನು ಐನ್ ಝಾರಾ, ತಜೂರಾ ಎಂಬ ಓಯಸಿಸ್ಸುಗಳ ಮೇಲೆ ಎಸೆದು, ಆ ಸಾಹಸವನ್ನು ತಂದೆಗೆ ಪತ್ರ ಬರೆದು ತಿಳಿಸಿದ. ಎಂಟೇ ವರ್ಷಗಳಲ್ಲಿ ಆ ವಿದ್ಯೆ ನಮ್ಮ ಉಪಖಂಡಕ್ಕೆ ಬಂತು. ಜಲಿಯನ್‌ವಾಲಾ ಬಾಗ್ ನಮಗೆಲ್ಲ ಗೊತ್ತು. ಅದರ ಮಾರನೆಯ ದಿನ, 1919ರ ಏಪ್ರಿಲ್ 14ರಂದು, ಗುಜ್ರನ್‌ವಾಲಾ ಪಟ್ಟಣದ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿ, ಮೆಷಿನ್ ಗನ್ನು ಹಾರಿಸಿದ್ದು ಅಷ್ಟಾಗಿ ಗೊತ್ತಿಲ್ಲ. ಖಾಲ್ಸಾ ಹೈಸ್ಕೂಲಿನ ಹಾಸ್ಟೆಲಿನ ಆವರಣಕ್ಕೂ ಬಾಂಬು ಬಿತ್ತು. ಹಾರಿಸಿದ ಅಧಿಕಾರಿ ಮುಂದೆ ಹಂಟರ್ ಸಮಿತಿಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಇಂದು ಆ ವಾಯುಪಡೆಯ ವೃತ್ತ ನಮ್ಮೂರ ಫುಟ್‌ಪಾತಿನ ಮೇಲೆ ಟೀ ಶರ್ಟಿನಲ್ಲಿ ಸಿಗುತ್ತದೆ. ಅರವತ್ತರ ದಶಕದ ಲಂಡನ್ನಿನ ಹುಡುಗರು ಅದನ್ನು ಫ್ಯಾಷನ್ ಮಾಡಿಕೊಂಡರು, ಸುತ್ತಿ ಸುತ್ತಿ ನಮ್ಮಲ್ಲಿಗೂ ಬಂತು.

ಬ್ರಿಟಿಷರನ್ನು ಬೈದು ಕೈ ತೊಳೆದುಕೊಳ್ಳುವುದೂ ನ್ಯಾಯವಲ್ಲ. 1932ರಲ್ಲಿ ಹುಟ್ಟಿದ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ನು 1937ರಿಂದ ವಜೀರಿಸ್ತಾನದ ಪಠಾಣರ ವಿರುದ್ಧ ಬ್ರಿಟಿಷರ ಪರವಾಗಿ ಹಾರಿತು. ಅದರ ಮೊದಲ ತಂಡದಲ್ಲಿ ಸುಬ್ರತೋ ಮುಖರ್ಜಿಯೂ ಇದ್ದರು, ಐಜಾದ್ ಬಕ್ಷ್ ಅವಾನ್ ಎಂಬ ಮುಸ್ಲಿಂ ಪೈಲಟ್ಟೂ ಇದ್ದರು. ಸ್ವಾತಂತ್ರ್ಯ ಬಂದ ಮೇಲೆ, 1966ರ ಮಾರ್ಚ್ 5ರಂದು, ಮಿಜೋ ಬಂಡಾಯವನ್ನು ಹತ್ತಿಕ್ಕಲು ನಮ್ಮದೇ ವಿಮಾನಗಳು ನಮ್ಮದೇ ಐಜ್ವಾಲ್ ಪಟ್ಟಣದ ಮೇಲೆ ದಾಳಿ ಮಾಡಿದವು. ಮನೆಗಳು ಸುಟ್ಟವು, ಜನ ಕಾಡು ಹಿಡಿದರು. ಮಿಜೋ ಜನ ಆ ತಾರೀಖನ್ನು ಇಂದಿಗೂ ನೆನೆಯುತ್ತಾರೆ. ಕೆಳಗೆ ನಿಂತವರು ಯಾವಾಗಲೂ ಪರದೇಶದವರೇ ಆಗಿರುತ್ತಾರೆಂಬ ಭರವಸೆಯನ್ನು ಯಾವ ವಾಯುಪಡೆಯೂ ಕೊಡಲಾರದು.

ಹಾಗಾದರೆ ಯಾವ ವಿಮಾನವನ್ನೂ ಗೌರವಿಸಬಾರದೆ? ನಿರ್ಮಲ್‌ಜಿತ್ ಸಿಂಗ್ ಸೇಖೋನ್ 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹಾರಿದ್ದು ಒಂದು ಪುಟ್ಟ ನ್ಯಾಟ್ ವಿಮಾನದಲ್ಲಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಲೈಸೆನ್ಸ್ ಪಡೆದು ಕಟ್ಟುತ್ತಿದ್ದ ವಿಮಾನಗಳ ಜಾತಿಯದು ಅದು. ವಿಮಾನ ನಿಲ್ದಾಣಕ್ಕೆ ಬಾಂಬು ಹಾಕಲು ಬಂದ ಸೇಬರ್ ಜೆಟ್ಟುಗಳ ಗುಂಪನ್ನು ಒಬ್ಬಂಟಿಯಾಗಿ ಎದುರಿಸಿ ಸತ್ತರು. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಒಬ್ಬ ಹುಡುಗ ಆ ನ್ಯಾಟ್ ಚಿತ್ರವನ್ನು ಎದೆಯ ಮೇಲೆ ಹಾಕಿಕೊಂಡರೆ ನನಗೆ ತಕರಾರಿಲ್ಲ. ಅಲ್ಲಿ ಗೌರವ ಯಾರಿಗೆ, ಯಾತಕ್ಕೆ ಎಂಬುದು ಸ್ಪಷ್ಟವಿದೆ. ಎದುರಾಳಿಗಳ ಕೈಯಲ್ಲೂ ಗನ್ನಿತ್ತು. ಅವರು ನಿಂತದ್ದು ಕೆಳಗಿದ್ದವರಿಗೂ ಬಾಂಬಿಗೂ ನಡುವೆ. ಬಾಂಬರಿನ ಮಾತು ಬೇರೆ. ಅದರ ಹುಡುಗರಿಗೆ ಸಲ್ಲಬೇಕಾದ ಗೌರವವನ್ನು ಕೊಡೋಣ, ಆದರೆ ಕೆಳಗಿನವರನ್ನು ಬಿಟ್ಟು ಕೊಟ್ಟರೆ ಅದು ಆ ಹುಡುಗರಿಗೂ ಮಾಡಿದ ಅನ್ಯಾಯ. ಅವರಲ್ಲಿ ಎಷ್ಟೋ ಮಂದಿ ಆಯುಷ್ಯವಿಡೀ ನಿದ್ದೆಯಲ್ಲಿ ಬೆಚ್ಚಿಬಿದ್ದದ್ದು ಅದೇ ಕೆಳಗಿನವರಿಗಾಗಿ.

ನೆನಪನ್ನು ಬಣ್ಣದ ಡಬ್ಬಿ ಹೇಗೆ ಬದಲಿಸುತ್ತದೆ ಎಂಬುದಕ್ಕೆ ಬೆಂಗಳೂರಿನದ್ದೇ ಒಂದು ಕಥೆ ಇದೆ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು ಮತ್ತೆ ಯಾರೂ ಹಾರಿಸದಿರಲೆಂದು ಕೆಡಿಸಲಾಗಿತ್ತು. ಎಚ್‌ಎಎಲ್ ಕೆಲಸಗಾರರು ಅಂಥ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ರಿಪೇರಿ ಮಾಡಿ ವಾಯುಪಡೆಗೆ ಕೊಟ್ಟರು. ಅವು 1968ರವರೆಗೆ ಹಾರಿದವು. ಅವುಗಳಲ್ಲಿ ಒಂದು ಕೊನೆಗೆ ಅಮೆರಿಕದ ಸಂಗ್ರಹಕಾರರ ಕೈ ಸೇರಿತು. ಅಲ್ಲಿ ಅದಕ್ಕೆ 1989ರಲ್ಲಿ ಒಂದು ಹೆಸರು, 1998ರಲ್ಲಿ ಇನ್ನೊಂದು, 2005ರಲ್ಲಿ ಮತ್ತೊಂದು ಬರೆದರು. ಮೂರೂ ಬೇರೆ ಬೇರೆ ಅಮೆರಿಕನ್ ವಿಮಾನಗಳ ಹೆಸರುಗಳು, ಅವುಗಳ ಮೂತಿಯ ಚಿತ್ರ ಸಮೇತ. ಭಾರತದಲ್ಲಿ ಹಾರಿದ ವರ್ಷಗಳಿಗೆ, ಅದನ್ನು ಮತ್ತೆ ಎಬ್ಬಿಸಿದ ಕೈಗಳಿಗೆ ಆ ಮೂತಿಯ ಮೇಲೆ ಜಾಗ ಸಿಗಲಿಲ್ಲ. ಬೇಕಾದದ್ದನ್ನು ಮಾತ್ರ ಹಳತು ಮಾಡುವ ಕಲೆ ಟೀ ಶರ್ಟಿನವರು ಕಂಡುಹಿಡಿದದ್ದಲ್ಲ.

ನಿಜವಾಗಿ ಹಳತಾದ ಬಟ್ಟೆಗಳು ಹಿರೋಶಿಮಾದ ಶಾಂತಿ ಸ್ಮಾರಕ ಸಂಗ್ರಹಾಲಯದಲ್ಲಿವೆ. ಅಂದು ಬೆಳಿಗ್ಗೆ, ಬೆಂಕಿ ಹರಡದಿರಲೆಂದು ಮನೆಗಳನ್ನು ಕೆಡವುವ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಿದ್ದರು. ಬಯಲಿನಲ್ಲಿದ್ದ ಆ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಅವರ ಅಂಗಿ, ಲಂಗ, ಕಾಲಿಗೆ ಸುತ್ತಿಕೊಂಡ ಪಟ್ಟಿಗಳು ಅಲ್ಲಿವೆ. ಹೆಚ್ಚಿನವು ಹತ್ತಿ ಬಟ್ಟೆ, ಕೆಲವನ್ನು ತಾಯಂದಿರು ಮನೆಯ ಹಳೆಯ ಕಿಮೋನೋ ಬಿಚ್ಚಿ ಹೊಲಿದದ್ದು. ಇಶಿಯುಚಿ ಮಿಯಾಕೋ ಎಂಬ ಛಾಯಾಗ್ರಾಹಕಿ 2007ರಿಂದ ಅವುಗಳ ಫೋಟೋ ತೆಗೆಯುತ್ತಾ ಬಂದರು. ಆಕೆಯ ಚಿತ್ರಗಳಲ್ಲಿ ಬಟ್ಟೆಯ ಹಿಂದಿನಿಂದ ಬೆಳಕು ಬರುತ್ತದೆ. ಹೂವಿನ ಅಚ್ಚು, ಗುಂಡಿಯ ಬಣ್ಣ, ಕೈಹೊಲಿಗೆಯ ಟಾಕು, ಸುಟ್ಟು ತೂತಾದ ಅಂಚು, ಎಲ್ಲವೂ ಸ್ಪಷ್ಟ. ಕೆಲಸ ಒಂದು ಪುಸ್ತಕಕ್ಕೆ ಮುಗಿಯಲಿಲ್ಲ. ಅಷ್ಟು ವರ್ಷ ಮನೆಯ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ ಬಟ್ಟೆಗಳನ್ನು ಮುದಿ ವಯಸ್ಸಿನ ತಂಗಿಯರು, ತಮ್ಮಂದಿರು ತಂದು ಸಂಗ್ರಹಾಲಯಕ್ಕೆ ಒಪ್ಪಿಸುತ್ತಲೇ ಇದ್ದರು. ಹೊಸದಾಗಿ ಬಂದ ಬಟ್ಟೆಗಳಿಗಾಗಿ ಆಕೆ ಮತ್ತೆ ಮತ್ತೆ ಹಿರೋಶಿಮಾಕ್ಕೆ ಹೋದರು.